ಅಮೆರಿಕದ ಕಾಲೇಜುಗಳು ಸೀಟು ಯಾರಿಗೆ ಕೊಡುತ್ತವೆ, ಹೇಗೆ ನಿರ್ಧರಿಸುತ್ತವೆ?

ಪ್ರಶ್ನೆ: ನನ್ನ ಮಗಳು ಓದಿನಲ್ಲಿ ಯಾವಾಗಲೂ ಮುಂದೆ. ಹನ್ನೆರಡನೇ ತರಗತಿಯಲ್ಲಿ ಶೇ 97ರ ನಿರೀಕ್ಷೆ ಇದೆ, ಅಮೆರಿಕದ ಕಾಲೇಜುಗಳ ಪ್ರವೇಶ ಪರೀಕ್ಷೆಯಾದ ಎಸ್‌ಎಟಿಯಲ್ಲಿ 1600ಕ್ಕೆ 1540 ಬಂದಿದೆ. ಪದವಿ ಓದಿಗೆ ಅಮೆರಿಕದ ಎಂಟು ಕಾಲೇಜುಗಳಿಗೆ ಅರ್ಜಿ ಹಾಕಿದ್ದಳು. ಆರು ಕಡೆ ಇಲ್ಲ ಅಂದಿದ್ದಾರೆ, ಒಂದು ಕಡೆ ವೇಟ್‌ಲಿಸ್ಟ್, ಒಂದು ಕಡೆ ಮಾತ್ರ ಸೀಟು. ಅವಳಿಗಿಂತ ಅಂಕ ಕಡಿಮೆ ಇರುವ ಅವಳ ತರಗತಿಯ ಹುಡುಗನಿಗೆ, ಅವಳನ್ನು ಬೇಡ ಅಂದ ಕಾಲೇಜಿನಲ್ಲೇ ಸೀಟು ಸಿಕ್ಕಿದೆ. ಅಂಕ ನೋಡದೆ ಮತ್ತೇನು ನೋಡುತ್ತಾರೆ? ನಮ್ಮ ಮಗಳಲ್ಲಿ ಏನು ಕಡಿಮೆಯಾಯಿತು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡೋಣ. ಬಹುಶಃ ಏನೂ ಕಡಿಮೆಯಾಗಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಸ್ವಲ್ಪ ಲೆಕ್ಕ ನೋಡಿ.

ಜನಾಂಗ ನೋಡಿ ಸೀಟು ಕೊಟ್ಟು ಏಷ್ಯನ್ ಅಮೆರಿಕನ್ ಮಕ್ಕಳಿಗೆ ಅನ್ಯಾಯ ಮಾಡುತ್ತಿದೆ ಅಂತ ಹಾರ್ವರ್ಡ್ ಮೇಲೆ ಹೂಡಿದ್ದ ಒಂದು ಮೊಕದ್ದಮೆ 2018ರಲ್ಲಿ ವಿಚಾರಣೆಗೆ ಬಂತು. ಅಲ್ಲಿಯವರೆಗೆ ಗುಟ್ಟಾಗಿದ್ದ ಎಷ್ಟೋ ಸಂಗತಿಗಳು ಆಗ ಕೋರ್ಟಿನ ಕಡತಕ್ಕೆ ಬಂದವು. ಅದರಲ್ಲಿ ಒಂದು ವರ್ಷದ ಲೆಕ್ಕ ಹೀಗಿದೆ. ಅಮೆರಿಕದೊಳಗಿನಿಂದಲೇ ಬಂದ ಅರ್ಜಿಗಳು ಸುಮಾರು 26,000. ಶಾಲೆಯ ಅಂಕದಲ್ಲಿ ಪೂರ್ತಿಗೆ ಪೂರ್ತಿ ಪಡೆದವರು 8,000ಕ್ಕೂ ಜಾಸ್ತಿ. ಎಸ್‌ಎಟಿ ಗಣಿತದಲ್ಲಿ ಪೂರ್ತಿ ಅಂಕ ತೆಗೆದವರು ಸುಮಾರು 3,500. ಇದ್ದ ಸೀಟು ಸುಮಾರು 1,600. ಗಣಿತದಲ್ಲಿ ನೂರಕ್ಕೆ ನೂರು ತೆಗೆದವರನ್ನು ಮಾತ್ರ ತೆಗೆದುಕೊಳ್ಳುತ್ತೇವೆ ಅಂದರೂ ಅರ್ಧಕ್ಕಿಂತ ಹೆಚ್ಚು ಮಂದಿಯನ್ನು ವಾಪಸ್ ಕಳಿಸಬೇಕು. ಅಂಥ ಕಡೆ ಅಂಕ ಅನ್ನೋದು ಒಳಗೆ ಬರಲು ಬೇಕಾದ ಟಿಕೆಟ್ ಅಷ್ಟೇ. ಕೂರುವ ಜಾಗ ಬೇರೆ ವಿಷಯಗಳ ಮೇಲೆ ತೀರ್ಮಾನವಾಗುತ್ತದೆ.

ನಮಗೆ ಇದು ಕಷ್ಟವಾಗುವುದು ಯಾಕೆ ಅಂದರೆ, ಸಿಇಟಿ, ಜೆಇಇ ನೋಡಿ ಬೆಳೆದ ನಮ್ಮ ತಲೆಯಲ್ಲಿ ಒಂದು ರ‍್ಯಾಂಕ್ ಪಟ್ಟಿ ಇದ್ದೇ ಇರುತ್ತದೆ. ಮೇಲಿನವರಿಗೆ ಮೊದಲು, ಕೆಳಗಿನವರಿಗೆ ಆಮೇಲೆ. ರ‍್ಯಾಂಕ್ 500 ಇರುವವರನ್ನು ಬಿಟ್ಟು 900 ಇರುವವರಿಗೆ ಅದೇ ಕೋಟಾದಲ್ಲಿ ಸೀಟು ಕೊಟ್ಟರೆ ಅದು ಅಕ್ರಮ. ಅಮೆರಿಕದ ಪೈಪೋಟಿ ಇರುವ ಕಾಲೇಜುಗಳಲ್ಲಿ ಇಂಥ ಪಟ್ಟಿಯೇ ಇರುವುದಿಲ್ಲ. ಅರ್ಜಿದಾರರನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವ ಕೆಲಸಕ್ಕೇ ಅವರು ಕೈ ಹಾಕುವುದಿಲ್ಲ. ಮುಂದಿನ ವರ್ಷದ ತರಗತಿ ಹೇಗಿರಬೇಕು ಅಂತ ಯೋಚಿಸಿ ಅದನ್ನು ಜೋಡಿಸುತ್ತಾರೆ. ಇದೊಂದು ವ್ಯತ್ಯಾಸ ಅರ್ಥವಾದರೆ ಉಳಿದದ್ದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಮೊದಲು ಫೈಲ್ ಹೇಗೆ ಸಾಗುತ್ತದೆ ನೋಡೋಣ. ಅಡ್ಮಿಷನ್ ಕಚೇರಿಯಲ್ಲಿ ಒಬ್ಬೊಬ್ಬ ಅಧಿಕಾರಿಗೆ ಒಂದೊಂದು ಪ್ರದೇಶ. ಭಾರತದ ಅರ್ಜಿಗಳು ಸಾಮಾನ್ಯವಾಗಿ ಒಬ್ಬರ ಅಥವಾ ಕೆಲವೇ ಮಂದಿಯ ಮೇಜಿಗೆ ಬರುತ್ತವೆ. ಅವರಿಗೆ ಸಿಬಿಎಸ್‌ಇ ಅಂದರೇನು, ಐಸಿಎಸ್‌ಇ ಅಂದರೇನು, ಯಾವ ಶಾಲೆಯಲ್ಲಿ ಅಂಕ ಹೇಗೆ ಬೀಳುತ್ತದೆ ಅನ್ನೋದು ಚೆನ್ನಾಗಿ ಗೊತ್ತಿರುತ್ತದೆ. ಶಾಲೆ ಕಳಿಸುವ ‘ಸ್ಕೂಲ್ ಪ್ರೊಫೈಲ್’ ಕೂಡ ಪಕ್ಕದಲ್ಲಿರುತ್ತದೆ. ಹಾಗಾಗಿ ನಿಮ್ಮ ಮಗಳ ಶೇ 97 ಅನ್ನೋದನ್ನು ಅವರು ಬರೀ ಸಂಖ್ಯೆಯಾಗಿ ಓದುವುದಿಲ್ಲ. ಈ ಶಾಲೆಯಲ್ಲಿ ಶೇ 97 ಅಂದರೆ ಎಷ್ಟು ದೊಡ್ಡದು, ಅಲ್ಲಿ ಸಿಗುತ್ತಿದ್ದ ವಿಷಯಗಳಲ್ಲಿ ಕಷ್ಟದ್ದನ್ನು ಆರಿಸಿಕೊಂಡಿದ್ದಾಳಾ, ಒಂಬತ್ತನೇ ತರಗತಿಯಿಂದ ಹನ್ನೆರಡರವರೆಗೆ ಗ್ರಾಫ್ ಏರಿದೆಯಾ ಇಳಿದಿದೆಯಾ ಅಂತ ನೋಡುತ್ತಾರೆ. ನಾಲ್ಕು ವರ್ಷದ ಅಂಕಪಟ್ಟಿಗೆ ಕೊನೆಯ ಪರೀಕ್ಷೆಗಿಂತ ಜಾಸ್ತಿ ಬೆಲೆ. ನಮ್ಮಲ್ಲಿ ಒಂಬತ್ತನೇ ತರಗತಿಯನ್ನು ಯಾರೂ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ಅಲ್ವಾ?

ಓದಿದವರು ಫೈಲಿಗೆ ಅಂಕ ಹಾಕುತ್ತಾರೆ. ಹಾರ್ವರ್ಡ್‌ನಲ್ಲಿ 1ರಿಂದ 6ರವರೆಗೆ, 1 ಅತ್ಯುತ್ತಮ. ಓದು, ಪಠ್ಯೇತರ ಚಟುವಟಿಕೆ, ಕ್ರೀಡೆ, ಶಾಲೆಯವರ ಶಿಫಾರಸು, ವ್ಯಕ್ತಿತ್ವ, ಕೊನೆಗೆ ಒಟ್ಟಾರೆ. ಆಮೇಲೆ ಪ್ರಾದೇಶಿಕ ಉಪಸಮಿತಿ, ಅಲ್ಲಿಂದ ಸುಮಾರು 40 ಜನರ ಪೂರ್ಣ ಸಮಿತಿ. ಸೀಟು ಸಿಗಬೇಕಾದರೆ ಸಮಿತಿಯಲ್ಲಿ ಬಹುಮತ ಬೇಕು. ಎಲ್ಲ ಕಾಲೇಜುಗಳಲ್ಲೂ ಇಷ್ಟು ದೊಡ್ಡ ಸಭೆ ಇರುವುದಿಲ್ಲ. ಅರ್ಜಿಗಳು ಹೆಚ್ಚಾದ ಮೇಲೆ ಕೆಲವು ಕಡೆ ಇಬ್ಬರು ಜೊತೆಗೆ ಕೂತು, ಒಬ್ಬರು ಅಂಕಪಟ್ಟಿ, ಇನ್ನೊಬ್ಬರು ಪ್ರಬಂಧ ಓದಿ, ಅಲ್ಲೇ ಚರ್ಚಿಸಿ ಶಿಫಾರಸು ಬರೆದುಬಿಡುತ್ತಾರೆ. ಒಂದು ಫೈಲಿಗೆ ಸಿಗುವುದು ಕೆಲವೇ ನಿಮಿಷ. ಮಗಳು ತಿಂಗಳುಗಟ್ಟಲೆ ಕೂತು ಬರೆದ ಪ್ರಬಂಧಕ್ಕೆ ಇಷ್ಟೇ ಸಮಯವಾ ಅಂತ ಬೇಜಾರಾಗುತ್ತದೆ, ಆದರೆ ವಸ್ತುಸ್ಥಿತಿ ಅದು.

ಈ ಪಟ್ಟಿಯಲ್ಲಿ ‘ವ್ಯಕ್ತಿತ್ವ’ ಅನ್ನೋದು ನಿಮಗೆ ವಿಚಿತ್ರ ಅನ್ನಿಸಬಹುದು. ನೋಡದ ಮಗುವಿನ ವ್ಯಕ್ತಿತ್ವಕ್ಕೆ ಅಂಕ ಹಾಕುವುದು ಹೇಗೆ? ಪ್ರಬಂಧ, ಶಿಕ್ಷಕರ ಪತ್ರ, ಸಂದರ್ಶನವಿದ್ದರೆ ಅದರ ವರದಿ, ಇವುಗಳಿಂದಲೇ. ಹಾರ್ವರ್ಡ್ ಮೊಕದ್ದಮೆಯಲ್ಲಿ ದೊಡ್ಡ ಜಗಳ ನಡೆದದ್ದು ಇದರ ಮೇಲೆಯೇ. ಏಷ್ಯನ್ ಅಮೆರಿಕನ್ ಮಕ್ಕಳಿಗೆ ಓದಿನ ಅಂಕ ಚೆನ್ನಾಗಿದ್ದರೂ ವ್ಯಕ್ತಿತ್ವದ ಅಂಕ ಸರಾಸರಿಯಲ್ಲಿ ಕಡಿಮೆ ಬಿದ್ದಿತ್ತು. ಇದರ ಇತಿಹಾಸವೂ ಅಷ್ಟೇನೂ ಸುಂದರವಲ್ಲ. 1920ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಯಹೂದಿ ವಿದ್ಯಾರ್ಥಿಗಳು ಹೆಚ್ಚಾದಾಗ ಅಧ್ಯಕ್ಷ ಲಾರೆನ್ಸ್ ಲೊವೆಲ್ ಅವರ ಸಂಖ್ಯೆಗೆ ಮಿತಿ ಹಾಕಬೇಕು ಅಂದರು. ನೇರ ಕೋಟಾಗೆ ವಿರೋಧ ಬಂತು. ಆಮೇಲೆ ಬಂದ ದಾರಿಯೇ ‘ಗುಣನಡತೆ’ ನೋಡಿ ಸೀಟು ಕೊಡುವುದು. ಒಟ್ಟಾರೆ ಮನುಷ್ಯನನ್ನು ನೋಡುತ್ತೇವೆ ಅನ್ನುವ ಈಗಿನ ಪದ್ಧತಿಯ ಬೇರು ಒಂದಷ್ಟು ಅಲ್ಲಿದೆ. ಈಗ ಅದನ್ನು ನಡೆಸುವವರ ಉದ್ದೇಶ ಬೇರೆ ಇರಬಹುದು. ಆದರೆ ಅಳತೆಗೋಲು ಸಡಿಲ ಇದ್ದಷ್ಟೂ ಒಳಗಿನವರ ಕೈ ಸಡಿಲ ಅನ್ನೋದು ನನ್ನ ಅಭಿಪ್ರಾಯ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಾಲೇಜಿಗೆ ತನ್ನದೇ ಅಗತ್ಯಗಳಿವೆ. ಫುಟ್‌ಬಾಲ್, ಈಜು, ದೋಣಿ ಸ್ಪರ್ಧೆಯ ತಂಡಗಳು ತುಂಬಬೇಕು. ವಾದ್ಯವೃಂದದಲ್ಲಿ ಬಸೂನ್ ನುಡಿಸುವವನು ಈ ವರ್ಷ ಪದವಿ ಮುಗಿಸಿ ಹೊರಟರೆ ಅವನ ಜಾಗಕ್ಕೆ ಒಬ್ಬರು ಬೇಕು. ಕಂಪ್ಯೂಟರ್ ಸೈನ್ಸ್‌ಗೆ ನುಗ್ಗುವವರು ಸಾವಿರಾರು, ಗ್ರೀಕ್, ಲ್ಯಾಟಿನ್ ಓದುವವರು ಬೆರಳೆಣಿಕೆ. ಆದರೆ ಆ ವಿಭಾಗದಲ್ಲೂ ಪ್ರಾಧ್ಯಾಪಕರಿದ್ದಾರೆ, ಅವರಿಗೂ ಮಕ್ಕಳು ಬೇಕು. ಬೇರೆ ಬೇರೆ ರಾಜ್ಯಗಳಿಂದ, ದೇಶಗಳಿಂದ ಬರಬೇಕು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಹೋಗುವವರು ಇರಬೇಕು. ಪೂರ್ತಿ ಫೀಸು ಕಟ್ಟುವವರೂ ಬೇಕೇ ಬೇಕು. ಇವೆಲ್ಲ ಪ್ರತಿ ವರ್ಷ ಬದಲಾಗುತ್ತವೆ, ಹೊರಗೆ ಯಾರಿಗೂ ಹೇಳುವುದಿಲ್ಲ. ನಿಮ್ಮ ಮಗಳು ಅರ್ಜಿ ಹಾಕಿದ ವರ್ಷ ಆ ಕಾಲೇಜಿಗೆ ಏನು ಬೇಕಿತ್ತು ಅನ್ನೋದು ನನಗೂ ಗೊತ್ತಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ಕೋರ್ಟಿನಲ್ಲಿ ಬಯಲಾದ ಇನ್ನೊಂದು ಸಂಗತಿ: ಕೋಚ್ ಆರಿಸಿದ ಕ್ರೀಡಾಪಟುಗಳು, ಹಳೆಯ ವಿದ್ಯಾರ್ಥಿಗಳ ಮಕ್ಕಳು, ದಾನಿಗಳ ನಂಟಿರುವ ‘ಡೀನ್ ಪಟ್ಟಿ’ಯವರು, ಅಧ್ಯಾಪಕರ ಮಕ್ಕಳು, ಈ ನಾಲ್ಕು ಗುಂಪಿಗೆ ಹಾರ್ವರ್ಡ್‌ನಲ್ಲಿ ದೊಡ್ಡ ಅನುಕೂಲವಿತ್ತು. ಒಟ್ಟಾರೆ ನೂರಕ್ಕೆ ಆರೇಳು ಮಂದಿಗೆ ಸೀಟು ಸಿಗುತ್ತಿದ್ದ ಆ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳ ಮಕ್ಕಳಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಸಿಕ್ಕಿತ್ತು. ಕೋಚ್ ಆರಿಸಿದ ಕ್ರೀಡಾಪಟುಗಳಲ್ಲಿ ಶೇ 80ಕ್ಕೂ ಜಾಸ್ತಿ ಮಂದಿಗೆ. 2019ರಲ್ಲಿ ಸಿಕ್ಕಿಬಿದ್ದ ದೊಡ್ಡ ಲಂಚದ ಹಗರಣದಲ್ಲಿ ಸಿರಿವಂತ ಪೋಷಕರು ಮಕ್ಕಳನ್ನು ಆಡದ ಆಟದ ಆಟಗಾರರು ಅಂತ ತೋರಿಸಿದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಎಲ್ಲ ಕಡೆ ಹೀಗೇ ಇಲ್ಲ. ಎಂಐಟಿ ಮತ್ತು ಕ್ಯಾಲ್‌ಟೆಕ್ ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ವಿಶೇಷ ಆದ್ಯತೆ ಕೊಡುವುದಿಲ್ಲ. ಆಮ್ಹರ್ಸ್ಟ್ 2021ರಲ್ಲಿ ಕೈಬಿಟ್ಟಿತು. ಕ್ಯಾಲಿಫೋರ್ನಿಯಾ 2024ರಲ್ಲಿ ಖಾಸಗಿ ಕಾಲೇಜುಗಳಲ್ಲೂ ಇದನ್ನು ನಿಷೇಧಿಸುವ ಕಾನೂನು ಮಾಡಿತು. ಆ ಮೊಕದ್ದಮೆಯ ಕೊನೆ ಏನಾಯಿತು ಅಂದರೆ, 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಜನಾಂಗ ನೋಡಿ ಸೀಟು ಕೊಡುವುದನ್ನು ತಡೆಯಿತು. ಹಳೆಯ ವಿದ್ಯಾರ್ಥಿಗಳ ಮಕ್ಕಳ ಅನುಕೂಲ ಮಾತ್ರ ಆ ತೀರ್ಪಿನಿಂದ ಅಲುಗಾಡಲಿಲ್ಲ.

ಇನ್ನು ದುಡ್ಡು. ನೀವು ಪ್ರಶ್ನೆಯಲ್ಲಿ ಹೇಳದ ಒಂದು ಸಂಗತಿ ಇದೇ: ಮಗಳು ಹಣಕಾಸಿನ ನೆರವು ಕೇಳಿದ್ದಳಾ? ವಿದೇಶಿ ಅರ್ಜಿದಾರರ ವಿಷಯದಲ್ಲಿ ಇದು ಎಷ್ಟು ದೊಡ್ಡದು ಅನ್ನೋದನ್ನು ನಮ್ಮ ಪೋಷಕರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ದೊಡ್ಡ ಖಾಸಗಿ ಕಾಲೇಜಿನಲ್ಲಿ ಫೀಸು, ವಸತಿ, ಊಟ ಸೇರಿ ವರ್ಷಕ್ಕೆ 85,000 ಡಾಲರ್ ದಾಟುತ್ತದೆ. ನೆರವು ಬೇಕೋ ಬೇಡವೋ ಅನ್ನೋದನ್ನು ನೋಡದೆಯೇ ವಿದೇಶಿ ಮಕ್ಕಳಿಗೂ ಸೀಟು ತೀರ್ಮಾನಿಸುವ ಕಾಲೇಜುಗಳು ಕೈಬೆರಳಲ್ಲಿ ಎಣಿಸುವಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮೊದಲಿನಿಂದ ಇವೆ. ಡಾರ್ಟ್‌ಮತ್, ಬೌಡನ್ 2022ರಲ್ಲಿ ಸೇರಿದವು. ಆಮೇಲೆ ಬ್ರೌನ್‌ನಂಥ ಒಂದೆರಡು. ಉಳಿದ ಬಹುತೇಕ ಕಡೆ ನೆರವು ಕೇಳುವ ಪೆಟ್ಟಿಗೆಗೆ ಟಿಕ್ ಹಾಕಿದ ತಕ್ಷಣ ನಿಮ್ಮ ಫೈಲ್ ಬೇರೆ, ಇನ್ನೂ ಇಕ್ಕಟ್ಟಿನ ಸ್ಪರ್ಧೆಗೆ ಹೋಗುತ್ತದೆ. ವಿದೇಶಿಯರ ನೆರವಿಗೆ ಅಂತ ಇಟ್ಟ ಹಣ ಮುಗಿದರೆ ಎಂಥ ಒಳ್ಳೆಯ ಫೈಲೂ ನಿಂತುಹೋಗುತ್ತದೆ. ನಿಮ್ಮ ಮಗಳ ತರಗತಿಯ ಹುಡುಗ ನೆರವು ಕೇಳದೆ ಹೋಗಿರಬಹುದು. ನಿಮ್ಮ ಮಗಳು ಕೇಳಿರಬಹುದು. ಅಂಕದ ವ್ಯತ್ಯಾಸಕ್ಕಿಂತ ಇದೊಂದೇ ಸಾಕು. ಹಾಗಂತ ಬೇಕಿದ್ದರೂ ನೆರವು ಕೇಳದೆ ಇರಬೇಡಿ. ಸೀಟು ಸಿಕ್ಕಿದ ಮೇಲೆ ಕೇಳುತ್ತೇವೆ ಅಂದರೆ, ಎಷ್ಟೋ ಕಾಲೇಜುಗಳು ವಿದೇಶಿ ಮಕ್ಕಳಿಗೆ ನಾಲ್ಕು ವರ್ಷವೂ ಕೊಡುವುದಿಲ್ಲ.

ವಿದೇಶಿ ಸೀಟುಗಳೂ ಕಡಿಮೆ. ಎಂಐಟಿಯಂಥ ಕಡೆ ಒಂದು ತರಗತಿಯಲ್ಲಿ ವಿದೇಶಿ ಮಕ್ಕಳು ಹತ್ತರಲ್ಲೊಂದು ಪಾಲಿನಷ್ಟೇ. ಅದರೊಳಗೆ ಪ್ರಪಂಚದ ಎಲ್ಲ ದೇಶಗಳೂ ಬರಬೇಕು. ಆದ್ದರಿಂದ ಕಾಲೇಜಿನ ವೆಬ್‌ಸೈಟಿನಲ್ಲಿ ಶೇ 8ರಷ್ಟು ಮಂದಿಗೆ ಪ್ರವೇಶ ಅಂತ ಇದ್ದರೆ ಭಾರತದಿಂದ ಅರ್ಜಿ ಹಾಕುವವರಿಗೆ ಅದು ಸಾಮಾನ್ಯವಾಗಿ ಇನ್ನೂ ಕಡಿಮೆ ಅಂತಲೇ ತಿಳಿಯಬೇಕು.

ಹುಡುಗನ ವಿಷಯಕ್ಕೆ ಇನ್ನೊಂದು ಕಾರಣ ಇರಬಹುದು. ಅವನು ‘ಅರ್ಲಿ ಡಿಸಿಷನ್’ನಲ್ಲಿ ಹಾಕಿದ್ದನಾ ಅಂತ ವಿಚಾರಿಸಿ. ಇದರಲ್ಲಿ ನವೆಂಬರ್ ಹೊತ್ತಿಗೇ ಒಂದೇ ಕಾಲೇಜಿಗೆ, ಸೀಟು ಕೊಟ್ಟರೆ ಖಂಡಿತ ಬರುತ್ತೇನೆ ಅಂತ ಮಾತು ಕೊಟ್ಟು ಅರ್ಜಿ ಹಾಕುತ್ತಾರೆ. ಡಿಸೆಂಬರ್ ಮಧ್ಯದಲ್ಲಿ ಉತ್ತರ ಬರುತ್ತದೆ. ಕಾಲೇಜುಗಳಿಗೆ ಇದು ಯಾಕೆ ಇಷ್ಟ? ಸೀಟು ಕೊಟ್ಟವರಲ್ಲಿ ಎಷ್ಟು ಮಂದಿ ನಿಜವಾಗಿ ಬಂದು ಸೇರುತ್ತಾರೆ ಅನ್ನೋದು ಅಡ್ಮಿಷನ್ ಕಚೇರಿಯ ದೊಡ್ಡ ತಲೆನೋವು. ಇದಕ್ಕೆ ‘ಯೀಲ್ಡ್’ ಅನ್ನುತ್ತಾರೆ. ಹಾರ್ವರ್ಡ್‌ನಲ್ಲಿ ಇದು ಶೇ 80ಕ್ಕೂ ಜಾಸ್ತಿ. ಎಷ್ಟೋ ಒಳ್ಳೆಯ ಕಾಲೇಜುಗಳಲ್ಲಿ ಮೂರರಲ್ಲೊಂದು ಪಾಲಿಗೂ ಕಡಿಮೆ. ಲೆಕ್ಕ ಮೇಲಾದರೆ ಹಾಸ್ಟೆಲಿನಲ್ಲಿ ಜಾಗ ಇಲ್ಲ, ಕೆಳಗಾದರೆ ಬಜೆಟ್ ತೂತು. ಖಂಡಿತ ಬರುವವರು ಅಂದರೆ ಅವರಿಗೆ ಅಷ್ಟು ನಿಶ್ಚಿಂತೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಂಥ ಕಡೆ ತರಗತಿಯ ಸುಮಾರು ಅರ್ಧ ಡಿಸೆಂಬರ್‌ನಲ್ಲೇ ತುಂಬಿಹೋಗುತ್ತದೆ. ಜನವರಿಯಲ್ಲಿ ಅರ್ಜಿ ಹಾಕಿದವರು ಉಳಿದ ಅರ್ಧಕ್ಕೆ ಹೊಡೆದಾಡಬೇಕು. ಬೇರೆ ಬೇರೆ ಕಾಲೇಜುಗಳ ನೆರವನ್ನು ಹೋಲಿಸಿ ನೋಡಬೇಕಾದ ಮನೆಗಳಿಗೆ ಈ ದಾರಿ ಸುಲಭವಲ್ಲ. ಅದಕ್ಕೇ ಇದು ಉಳ್ಳವರಿಗೆ ಅನುಕೂಲದ ಪದ್ಧತಿ ಅಂತ ಟೀಕೆ ಇದೆ. ಟೀಕೆ ಸರಿಯಾಗಿಯೇ ಇದೆ.

ಇದೇ ಯೀಲ್ಡ್ ಕಾರಣಕ್ಕೆ ಕೆಲವು ಕಾಲೇಜುಗಳು ವಿದ್ಯಾರ್ಥಿ ತಮ್ಮ ಬಗ್ಗೆ ಎಷ್ಟು ಆಸಕ್ತಿ ತೋರಿಸಿದ್ದಾಳೆ ಅಂತಲೂ ಗಮನಿಸುತ್ತವೆ. ಆನ್‌ಲೈನ್ ಪರಿಚಯ ಸಭೆಗೆ ಬಂದಿದ್ದಳಾ, ‘ಈ ಕಾಲೇಜೇ ಯಾಕೆ’ ಅನ್ನುವ ಪ್ರಬಂಧದಲ್ಲಿ ನಿಜವಾಗಿ ಏನಾದರೂ ಇದೆಯಾ, ಅಥವಾ ಕಾಲೇಜಿನ ಹೆಸರು ಬದಲಿಸಿ ಎಂಟು ಕಡೆಗೂ ಒಂದೇ ಬರಹ ಹೋಗಿದೆಯಾ. ಓದುವವರಿಗೆ ಇದು ಎರಡನೇ ಸಾಲಿಗೇ ಗೊತ್ತಾಗುತ್ತದೆ.

ಪ್ರಬಂಧದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಆನ್‌ಲೈನ್ ವ್ಯವಸ್ಥೆಯಾದ ಕಾಮನ್ ಆ್ಯಪ್‌ನಲ್ಲಿ 650 ಪದದ ಮಿತಿ. ಅಷ್ಟರಲ್ಲಿ ಈ ಹುಡುಗಿ ಹೇಗೆ ಯೋಚಿಸುತ್ತಾಳೆ ಅನ್ನೋದು ಕಾಣಬೇಕು. ಚಟುವಟಿಕೆಗಳಿಗೆ ಹತ್ತು ಸಾಲು, ಒಂದೊಂದರ ವಿವರಣೆಗೆ 150 ಅಕ್ಷರ. ಹತ್ತೂ ತುಂಬಲೇಬೇಕು ಅಂತ ಮೂರು ದಿನದ ಎನ್‌ಜಿಒ ಶಿಬಿರ, ದುಡ್ಡು ಕೊಟ್ಟು ಹಾಕಿಸಿದ ‘ಸಂಶೋಧನಾ ಪ್ರಬಂಧ’ ತುರುಕುವವರಿದ್ದಾರೆ. ಸುಮ್ನೆ ಖರ್ಚು. ನಾಲ್ಕು ವರ್ಷ ಬಿಡದೆ ಮಾಡಿದ ಒಂದು ಕೆಲಸ, ಅದು ಮನೆಯಲ್ಲಿ ಅಜ್ಜಿಯನ್ನು ನೋಡಿಕೊಂಡದ್ದಾದರೂ ಸರಿ, ಅದಕ್ಕಿಂತ ತೂಕದ್ದು. ಮನೆಯ ಜವಾಬ್ದಾರಿಯನ್ನು ಅರ್ಜಿಯಲ್ಲಿ ಬರೆಯಬಹುದು ಅನ್ನೋದೇ ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ನನ್ನ ಪ್ರಕಾರ ಭಾರತದ ಅರ್ಜಿಗಳು ಹೆಚ್ಚು ಸೋಲುವುದು ಶಿಫಾರಸು ಪತ್ರದಲ್ಲಿ. ‘ಇವಳು ಶ್ರಮಜೀವಿ, ವಿನಯವಂತೆ, ಶಿಸ್ತಿನವಳು, ಉಜ್ವಲ ಭವಿಷ್ಯ ಹಾರೈಸುತ್ತೇನೆ’ ಅನ್ನುವ ಪತ್ರ ಸಾವಿರ ಮಕ್ಕಳಿಗೆ ಹೊಂದುತ್ತದೆ. ತರಗತಿಯಲ್ಲಿ ಅವಳು ಕೇಳಿದ ಒಂದು ಪ್ರಶ್ನೆ, ತಪ್ಪಾದ ಪ್ರಯೋಗವನ್ನು ಮತ್ತೆ ಮಾಡಲು ಸಂಜೆ ಉಳಿದದ್ದು, ಇಂಥದ್ದು ಒಂದಿದ್ದರೂ ಪತ್ರ ಜೀವಂತವಾಗುತ್ತದೆ. ಇದು ಶಿಕ್ಷಕರ ತಪ್ಪಲ್ಲ. ಅಂಥ ಪತ್ರ ಬರೆಯುವ ರೂಢಿ ನಮ್ಮಲ್ಲಿಲ್ಲ, ಅವರಿಗೆ ಹೊತ್ತೂ ಇರುವುದಿಲ್ಲ. ಮಕ್ಕಳೇ ಒಂದು ಪುಟ ನೆನಪುಗಳನ್ನು ಬರೆದುಕೊಟ್ಟರೆ ಶಿಕ್ಷಕರಿಗೆ ಸಹಾಯವಾಗುತ್ತದೆ.

ಎಸ್‌ಎಟಿ ಬಗ್ಗೆ: 2020ರಲ್ಲಿ ಕೊರೊನಾ ಬಂದಾಗ ಬಹುತೇಕ ಕಾಲೇಜುಗಳು ಕಡ್ಡಾಯ ತೆಗೆದವು. ಎಂಐಟಿ 2022ರಲ್ಲಿ, ಡಾರ್ಟ್‌ಮತ್, ಬ್ರೌನ್, ಹಾರ್ವರ್ಡ್, ಕ್ಯಾಲ್‌ಟೆಕ್ 2024ರಲ್ಲಿ ಮತ್ತೆ ಪರೀಕ್ಷೆ ಬೇಕು ಅಂದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿ, ಲಾಸ್ ಏಂಜಲೀಸ್ ಮುಂತಾದ ಕ್ಯಾಂಪಸ್‌ಗಳು ಸೀಟು ಕೊಡುವಾಗ ಈ ಅಂಕವನ್ನು ನೋಡುವುದೇ ಇಲ್ಲ, ಕಳಿಸಿದರೂ ನೋಡುವುದಿಲ್ಲ. 1540 ಎಲ್ಲಿಯೂ ಅಡ್ಡಿಯಾಗುವ ಅಂಕವಲ್ಲ. 1580 ಬಂದಿದ್ದರೆ ಕಥೆ ಬೇರೆಯಾಗುತ್ತಿತ್ತು ಅಂತ ದಯವಿಟ್ಟು ಕೊರಗಬೇಡಿ.

ಇಷ್ಟೆಲ್ಲ ಹೇಳಿದ್ದು ಹೆಸರುವಾಸಿ ಕಾಲೇಜುಗಳ ಕಥೆ. ಅಮೆರಿಕದ ಬಹುಪಾಲು ಕಾಲೇಜುಗಳು ಅರ್ಜಿ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಸೀಟು ಕೊಡುತ್ತವೆ. ಸ್ಥಳೀಯರಿಗಾಗಿ ಇರುವ ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಲ್ಲಿ ಹೈಸ್ಕೂಲು ಮುಗಿಸಿದ ಬಹುತೇಕ ಎಲ್ಲರಿಗೂ ಬಾಗಿಲು ತೆರೆದಿರುತ್ತದೆ. ಕೆಲವು ಕಡೆ ನಮ್ಮ ರ‍್ಯಾಂಕ್ ಪಟ್ಟಿಯಂಥದ್ದೂ ಇದೆ. ಟೆಕ್ಸಸ್ 1997ರಲ್ಲಿ ಕಾನೂನು ಮಾಡಿ, ರಾಜ್ಯದ ಪ್ರತಿ ಹೈಸ್ಕೂಲಿನ ಮೊದಲ ಶೇ 10 ಮಕ್ಕಳಿಗೆ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಖಾತ್ರಿ ಮಾಡಿತು. ಆಸ್ಟಿನ್ ಕ್ಯಾಂಪಸ್‌ಗೆ ನೂಕುನುಗ್ಗಲಾಗಿ ಅಲ್ಲಿ ಅದು ಶೇ 6ಕ್ಕೆ, 2026ರಿಂದ ಶೇ 5ಕ್ಕೆ ಇಳಿದಿದೆ.

ಇನ್ನು ಮುಂದೆ ಅರ್ಜಿ ಹಾಕುವವರು ನಿಮ್ಮ ಬಳಗದಲ್ಲಿದ್ದರೆ ಅವರಿಗೆ ಒಂದು ವಿಷಯ ಹೇಳಿ. ಕಾಲೇಜಿನ ಹೆಸರಿನ ಜೊತೆ ‘ಕಾಮನ್ ಡೇಟಾ ಸೆಟ್’ ಅಂತ ಗೂಗಲ್‌ನಲ್ಲಿ ಹುಡುಕಬೇಕು. ಬಹಳಷ್ಟು ಕಾಲೇಜುಗಳು ಪ್ರತಿ ವರ್ಷ ಇದನ್ನು ಪ್ರಕಟಿಸುತ್ತವೆ, ಉಚಿತ. ಅದರಲ್ಲಿ ಸಿ7 ಅನ್ನುವ ಕಡೆ ಒಂದು ಕೋಷ್ಟಕ ಇರುತ್ತದೆ. ಅಂಕ, ಪ್ರಬಂಧ, ಶಿಫಾರಸು, ಸಂದರ್ಶನ, ಹಳೆಯ ವಿದ್ಯಾರ್ಥಿಗಳ ನಂಟು, ತೋರಿಸಿದ ಆಸಕ್ತಿ, ಒಂದೊಂದರ ಮುಂದೆಯೂ ‘ತುಂಬ ಮುಖ್ಯ’, ‘ಮುಖ್ಯ’, ‘ಗಮನಿಸುತ್ತೇವೆ’, ‘ನೋಡುವುದಿಲ್ಲ’ ಅಂತ ಕಾಲೇಜೇ ಗುರುತು ಹಾಕಿರುತ್ತದೆ. ಸಿ9ರಲ್ಲಿ ಸೇರಿದ ಮಕ್ಕಳ ಎಸ್‌ಎಟಿ ಅಂಕ ಎಲ್ಲಿಂದ ಎಲ್ಲಿಯವರೆಗೆ ಇತ್ತು ಅಂತ ಇರುತ್ತದೆ. ಎಚ್6ರಲ್ಲಿ ಎಷ್ಟು ವಿದೇಶಿ ಮಕ್ಕಳಿಗೆ ನೆರವು ಕೊಟ್ಟರು, ಸರಾಸರಿ ಎಷ್ಟು ಡಾಲರ್ ಅಂತ. ನಾನಾದರೆ ಮೊದಲು ಎಚ್6 ನೋಡುತ್ತೇನೆ. ಅಲ್ಲಿ ಸೊನ್ನೆ ಇದ್ದು ನಿಮಗೆ ನೆರವು ಬೇಕಿದ್ದರೆ ಅರ್ಜಿಯ ಫೀಸು ಉಳಿಯಿತು. ಏಜೆಂಟರು ಲಕ್ಷಗಟ್ಟಲೆ ತೆಗೆದುಕೊಂಡು ಹೇಳುವ ‘ಒಳಗಿನ ಮಾಹಿತಿ’ಯಲ್ಲಿ ಅರ್ಧ ಈ ದಾಖಲೆಯಲ್ಲೇ ಇರುತ್ತದೆ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ಈಗ ಮಾಡಬೇಕಾದದ್ದು ಎರಡು. ವೇಟ್‌ಲಿಸ್ಟ್ ಕಾಲೇಜಿನ ದಾಖಲೆಯಲ್ಲಿ ಸಿ2 ತೆಗೆದು, ಹಿಂದಿನ ವರ್ಷಗಳಲ್ಲಿ ಆ ಪಟ್ಟಿಯಿಂದ ಎಷ್ಟು ಮಂದಿಗೆ ಸೀಟು ಕೊಟ್ಟಿದ್ದಾರೆ ನೋಡಿ. ಕೆಲವು ಕಡೆ ನೂರಾರು, ಕೆಲವು ಕಡೆ ಸೊನ್ನೆ. ಆಸೆ ಇದೆ ಅನ್ನಿಸಿದರೆ ಪಟ್ಟಿಯಲ್ಲಿ ಉಳಿಯುತ್ತೇನೆ ಅಂತ ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಟ್ಟು, ಅರ್ಜಿಯ ನಂತರ ಅವಳು ಏನು ಮಾಡಿದ್ದಾಳೆ, ಸೀಟು ಕೊಟ್ಟರೆ ಬಂದೇ ಬರುತ್ತಾಳಾ ಅನ್ನೋದನ್ನು ಒಂದು ಪುಟದೊಳಗೆ ಅವಳೇ ಬರೆದು ಕಳಿಸಲಿ. ನೀವು ಬರೆಯಬೇಡಿ, ಫೋನಂತೂ ಮಾಡಲೇಬೇಡಿ. ಸೀಟು ಸಿಕ್ಕಿರುವ ಕಾಲೇಜಿಗೆ ಮಾತ್ರ ಗಡುವಿನೊಳಗೆ ಒಪ್ಪಿಗೆ ಕೊಟ್ಟು ಠೇವಣಿ ಕಟ್ಟಿ. ಗಡುವು ಸಾಮಾನ್ಯವಾಗಿ ಮೇ 1. ವೇಟ್‌ಲಿಸ್ಟ್ ಅಲುಗಾಡುವುದು ಹೆಚ್ಚಾಗಿ ಅದಾದ ಮೇಲೆ. ಅಲ್ಲಿ ಸೀಟು ಸಿಕ್ಕಿ ಅತ್ತ ಹೋದರೆ ಠೇವಣಿ ವಾಪಸ್ ಬರುವುದಿಲ್ಲ ಅಂತ ತಿಳಿದೇ ಕಟ್ಟಿ. ಠೇವಣಿಯ ಜೊತೆಗೇ ಬ್ಯಾಂಕ್ ದಾಖಲೆಗಳನ್ನೂ ಕಳಿಸಿದರೆ ಕಾಲೇಜಿನಿಂದ ಐ-20, ಅಂದರೆ ವಿದ್ಯಾರ್ಥಿ ವೀಸಾಕ್ಕೆ ಬೇಕಾದ ಪತ್ರ, ಬೇಗ ಬರುತ್ತದೆ. ಅದು ಕೈಗೆ ಸಿಗದೆ ವೀಸಾ ಸಂದರ್ಶನಕ್ಕೆ ಹೋಗುವ ಹಾಗಿಲ್ಲ.